ರೇವತಿಯ ಅಮ್ಮ

ಸಾತಾರದ ಮುಕುಂದ ಬರ್ವೆ ಮೇಷ್ಟ್ರಿಗೆ ಆವತ್ತು ಆದ ಅನ್ಯಾಯ ಶತ್ರುವಿಗೂ ಬೇಡ. ಪುರಾಣದಲ್ಲಿ ಕಕುದ್ಮಿರಾಜ ಮಗಳು ರೇವತಿಯನ್ನು ಕರೆದುಕೊಂಡು, ಅವಳಿಗೆ ಗಂಡು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲೊಂದು ಹಾಡು ಮುಗಿಯುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿದವು. ಅಜ್ಜಿ ಹೇಳಿದ ಈ ಕತೆಯನ್ನು ಯಾರಾದರೂ ವಿಜ್ಞಾನ ಕಾದಂಬರಿ ಮಾಡಲಿ ಎಂದು ಮೇಷ್ಟ್ರು ಚಡ್ಡಿ ಹಾಕುವ ಕಾಲದಿಂದ ಹಂಬಲಿಸಿದ್ದರು. ಕೊನೆಗೂ ಬಂತು. ಪುಸ್ತಕವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಮನೆಗೆ ತಂದರು.

ಮಧ್ಯಾಹ್ನದ ಹೊತ್ತಿಗೆ ಅಂಗಳದಿಂದ ಆರ್ತನಾದ.

“ಮಂದಾ, ರೇವತಿಗೆ ಬೆಳ್ಳಿ ಪ್ಯಾಂಟು ತೊಡಿಸಿದ್ದಾನೆ ಕಣೇ!”

“ಬ್ರಹ್ಮನಿಗೆ?” ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಮಂದಾಕಿನಿ ಕೇಳಿದಳು.

“ಬ್ರಹ್ಮ ಒಂದು ಕಂಪ್ಯೂಟರು! ‘ದಯವಿಟ್ಟು ಕಾಯಿರಿ’ ಅಂತಾನೆ!” (ನಾಲ್ಕು ತಲೆಗೆ ನಾಲ್ಕು ಪರದೆ. ಅಷ್ಟು ಮಟ್ಟಿಗೆ ಶಾಸ್ತ್ರೋಕ್ತ.) “ಹೋಗಲಿ, ವಾಪಸು ಬಂದಾಗ ತಮ್ಮವರೆಲ್ಲ ಸತ್ತುಹೋಗಿರ್ತಾರಲ್ಲ, ಆ ಸಂಕಟ? ‘ಯುಗಗಳು ಕಳೆದಿದ್ದವು’ ಅಂತ ಒಂದೇ ಸಾಲು. ಆಮೇಲೆ ಬರೀ ಢಂ ಢಂ!”

“ಅಲ್ರೀ, ರೇವತಿಯ ಅಮ್ಮ ಏನಾದಳು?”

“ಪುರಾಣದಲ್ಲಿ ಇಲ್ಲ.”

“ಅಪ್ಪ ಒಬ್ಬನೇ ಹೆತ್ತನೋ? ಹುಟ್ಟಿದಾಗಿಂದ ಈ ಕತೆ ಜಪಿಸ್ತೀರಿ, ಒಂದು ದಿನವೂ ಕೇಳಲಿಲ್ಲವಾ?”

ಮೇಷ್ಟ್ರು ಕನ್ನಡಕ ಒರೆಸಿದರು. ಕನ್ನಡಕ ಶುಭ್ರವಾಗಿಯೇ ಇತ್ತು.

“ಹೀಗೆ ಹೋಗಿ ಹಾಗೆ ಬರ್ತೀನಿ ಅಂದಿರ್ತಾನೆ ರಾಜ,” ಮಂದಾಕಿನಿ ಸೊಪ್ಪಿಗೇ ಹೇಳುವಂತೆ ಹೇಳಿದಳು. “ನೀವು ತರಬೇತಿ ಅಂತ ನಾಗಪುರಕ್ಕೆ ಹೋಗಲಿಲ್ವಾ, ಹಾಗೆ. ಮಳೆಗಾಲ ಪೂರ್ತಿ ದಿನಾ ಒಂದು ಜೋಳದ ಭಾಕರಿ ಹೆಚ್ಚಿಗೆ ತಟ್ಟುತ್ತಿದ್ದೆ.”

“ನನಗೆ ಹೇಳಲೇ ಇಲ್ಲ!”

“ಬಂದವರು ನಾಗಪುರದ ಕಿತ್ತಳೆ ವರ್ಣನೆ ಮಾಡ್ತಾ ಕೂತಿರಿ. ಸಂಜೆ ಬಸ್ಸು ಬಂದುಹೋದ ಮೇಲೆ ಅದನ್ನ ಆಕಳಿಗೆ ಹಾಕ್ತಿದ್ದೆ. ಆ ರಾಣಿ ಯಾರಿಗೆ ಹಾಕಿದಳೋ. ಆಕಳೂ ಸತ್ತುಹೋಗಿರುತ್ತೆ.”

ಮೇಷ್ಟ್ರು ದಡಕ್ಕನೆ ಎದ್ದರು. ಇಷ್ಟು ಕಾಲ ಪುಸ್ತಕದಂಗಡಿಯಲ್ಲಿ ಹುಡುಕಿದ್ದು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿತ್ತು. ಓಡಿಹೋಗಿ ಕಾಗದ, ಪೆನ್ನು ತಂದರು.

“ನಿಧಾನವಾಗಿ ಹೇಳು. ಮಹಾಕೃತಿ ನಾನು ಬರೀತೀನಿ.”

“ಬಾಗಿಲಲ್ಲಿ ನಿಂತು ಕಾದು ಗೊತ್ತಿದೆಯಾ ನಿಮಗೆ?” ಪೆನ್ನು ಕಿತ್ತುಕೊಂಡು ಸೊಪ್ಪಿನ ಮೊರ ಅವರ ತೊಡೆಗಿಟ್ಟಳು. “ಇದನ್ನ ಬಿಡಿಸಿ. ದಂಟು ಬೇರೆ, ಎಲೆ ಬೇರೆ.”

ಅವಳು ಒಳಗೆ ಹೋಗಿ ಬರೆಯಲು ಕೂತಳು. ಹೊತ್ತು ಮುಳುಗಿತು. ಹೊಟ್ಟೆ ತಾಳ ಹಾಕುತ್ತಿತ್ತು. ಮೇಷ್ಟ್ರು ಬಾಗಿಲಿಂದ ಮೆಲ್ಲಗೆ ಇಣುಕಿದರು.

“ಮಂದಾ... ಊಟ?”

ತಲೆ ಎತ್ತದೆ, ಮೂಗೆಳೆಯುತ್ತ ಅವಳೆಂದಳು: “ಶ್! ಗಂಡ ಇವತ್ತು ಬರ್ತಾನೆ ಅಂತ ರಾಣಿ ಇನ್ನೂ ಉಪವಾಸ ಇದ್ದಾಳೆ. ನಿಮಗೊಬ್ಬರಿಗೆ ಏನು ಅವಸರ?”