ಅಟ್ಟದ ತಗಡು, ಅರ್ಜೆಂಟ್ ಬೋರ್ಡು

(ಹಿತ್ತಲು. ಹಗ್ಗದ ಮೇಲೆ ಆಸ್ಪತ್ರೆಯ ಬಿಳಿ ಹಾಸು ಬಟ್ಟೆಗಳು. ಗೋಡೆಗೊರಗಿ ನಿಂತ ಆಳೆತ್ತರದ ತಗಡಿನ ಬೋರ್ಡು. ಬೋರ್ಡು ಬರೆಯುವ ಗಂಡ ಕುಂಚ ತೊಳೆಯುತ್ತಿದ್ದಾನೆ. ಬಟ್ಟೆ ಒಗೆಯುವ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.)

ಹೆಂಡತಿ: ಅಲ್ರೀ, ಬೀದೀಲಿ ನಿಂತು ‘ಕೆರೆ ಪಕ್ಕ ದನದ ಕೊಟ್ಟಿಗೆ ಬೇಡ’ ಅಂತ ನಾನು ಗಂಟಲು ಹರ್ಕೊಳ್ಳೋದು, ಹಿತ್ತಲಲ್ಲಿ ಕೂತು ನೀವು ಆ ಕೊಟ್ಟಿಗೆಗೇ ಬೋರ್ಡು ಬರೆಯೋದು!

ಗಂಡ: ಬರೆಯೋನು ಬರೀತಾನೆ ಕಣೆ. ಔಷಧಿ ಅಂಗಡಿಗೂ ಬರೆದಿದ್ದೀನಿ, ಹೆಂಡದಂಗಡಿಗೂ ಬರೆದಿದ್ದೀನಿ.

ಹೆಂಡತಿ: ಏನಂತ ಬರೆದಿದ್ದೀರಿ, ಓದಿ.

ಗಂಡ: ‘ಐದು ಸಾವಿರ ದನಗಳ ಆಧುನಿಕ ಕೊಟ್ಟಿಗೆ. ಕೆರೆಗೆ ಯಾವ ತೊಂದರೆಯೂ ಇಲ್ಲ.’

ಹೆಂಡತಿ: ಐದು ಸಾವಿರ ದನ ತಂದು, ಕಟ್ಟಿ, ತಿನ್ನಿಸಿ, ದಪ್ಪ ಮಾಡಿ ಮಾರ್ತಾರಂತೆ. ಅಷ್ಟೂ ಬಾಲ ಒಟ್ಟಿಗೆ ಎದ್ದರೆ ಅದೆಲ್ಲ ಎಲ್ಲಿಗೆ ಹೋಗುತ್ತೆ?

ಗಂಡ: ಅದಕ್ಕೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲ.

ಹೆಂಡತಿ: ಇಳಿಜಾರು ಇರೋದು ಕೆರೆ ಕಡೆಗೆ. ಮೊದಲ ಮಳೆಗೇ ಎಲ್ಲಾ ನೀರಿಗೆ. ಆಮೇಲೆ ಈ ಬಟ್ಟೆ ಎಲ್ಲಿ ಒಗೀಲಿ, ನಿಮ್ಮ ತಲೆ ಮೇಲೆ? ಹಾಸು ಬಟ್ಟೆ ನಾರಿದರೆ ಆಸ್ಪತ್ರೆಯವರು ನಾಳೆಯಿಂದ ಬರಬೇಡ ಅಂತಾರೆ.

ಗಂಡ: ರೋಗಿಗಳು ಬೇಗ ಎದ್ದು ಮನೆಗೆ ಹೋಗ್ತಾರೆ ಬಿಡು.

(ಎನ್ನುತ್ತಾ, ನೀರು ತುಂಬಿದ ಬಕೆಟ್ಟನ್ನು ಕಾಲಿನಿಂದ ಅವಳತ್ತ ಸರಿಸಿದ.)

ಹೆಂಡತಿ: ಇಪ್ಪತ್ತು ವರ್ಷದ ಹಿಂದೆ ಕೆರೆ ಮುಚ್ಚಿ ಬಸ್ ನಿಲ್ದಾಣ ಕಟ್ತೀವಿ ಅಂದಾಗ ನನ್ನ ಜೊತೆ ಲಾಕಪ್ಪಿನಲ್ಲಿ ಕೂತಿದ್ದ ಗಂಡಸು ಎಲ್ಲಿ ಹೋದ?

ಗಂಡ: ಅವನಿಗೆ ಮಂಡಿ ನೋವು. ಇಗೋ, ಸಿಟ್ಟು ಬಂದಿದೆ ನಿಂಗೆ. ಬಕೆಟ್ ಪಕ್ಕದಲ್ಲೇ ಇದೆ, ಹುಷಾರು!

ಹೆಂಡತಿ: ನನಗ್ಯಾಕೆ ಸಿಟ್ಟು? ಹನ್ನೊಂದು ಗಂಟೆಗೆ ಸರ್ಕಾರಿ ಸಾಹೇಬರು ಕೊಟ್ಟಿಗೆ ಬಗ್ಗೆ ಅಹವಾಲು ಕೇಳೋಕೆ ಕೆರೆ ದಂಡೆಗೆ ಬರ್ತಾರೆ. ಅಲ್ಲಿ ಈ ಬೋರ್ಡು ನಿಂತಿರುತ್ತೆ, ಜನ ನಿಮ್ಮ ಅಕ್ಷರ ನೋಡಿ ನನ್ನ ಮುಖ ನೋಡ್ತಾರೆ. ಆಗ ಸಿಟ್ಟು ಮಾಡ್ಕೋತೀನಿ.

(ಗಂಡ ನಿಟ್ಟುಸಿರು ಬಿಟ್ಟ. ಆಗ ಬಂದವನು ಕೊಟ್ಟಿಗೆ ಕಂಪನಿಯ ಮ್ಯಾನೇಜರ್. ಇಸ್ತ್ರಿ ಮಡಿಕೆ ಮುರಿಯದ ಪ್ಯಾಂಟು.)

ಮ್ಯಾನೇಜರ್: ಬೋರ್ಡು ಆಯ್ತಾ?

ಗಂಡ: ಆಯ್ತು ಸಾರ್. ರಾತ್ರಿ ಹೇಳಿ ಬೆಳಿಗ್ಗೆ ಬೇಕು ಅಂದ್ರಿ, ಹೊಸ ತಗಡು ಸಿಗಲಿಲ್ಲ. ಅಟ್ಟದಲ್ಲಿದ್ದ ಹಳೇದಕ್ಕೇ ಸುಣ್ಣ ಬಳಿದು ಬರೆದೆ.

ಮ್ಯಾನೇಜರ್: ನಡೆಯುತ್ತೆ. ಅಮ್ಮಾ, ನೀವೇನೂ ಹೆದರಬೇಡಿ. ನಮ್ಮದು ವಿದೇಶಿ ತಂತ್ರಜ್ಞಾನ.

ಹೆಂಡತಿ: ತಂತ್ರಜ್ಞಾನ ವಿದೇಶದ್ದು, ಸಗಣಿ ಮಾತ್ರ ಇಲ್ಲೀದೇ ತಾನೆ?

ಮ್ಯಾನೇಜರ್: (ಮಾತು ಮರೆಸಿ) ಅಯ್ಯೋ, ಇದೇನಿದು! ಸರಿಯಾಗಿ ‘ಇಲ್ಲ’ದ ಮೇಲೇ ಕಾಗೆ ಹಿಕ್ಕೆ ಹಾಕಿದೆ.

ಹೆಂಡತಿ: ಅದೂ ತನ್ನ ಅಹವಾಲು ಕೊಟ್ಟಿದೆ.

ಮ್ಯಾನೇಜರ್: ಸ್ವಲ್ಪ ಒರೆಸಿಬಿಡಿ ಅಮ್ಮಾ, ಹೊತ್ತಾಗ್ತಿದೆ.

(ಬೇರೆ ಯಾರಾದರೂ ಆಗಿದ್ದರೆ ‘ನೀನೇ ಒರೆಸ್ಕೋ’ ಅನ್ನುತ್ತಿದ್ದರು. ಆದರೆ ಕಲೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಒದ್ದೆ ಬಟ್ಟೆಗೆ ಸೋಪು ಹಚ್ಚಿ ಒಂದು ಉಜ್ಜು ಉಜ್ಜಿದಳು. ಹಿಕ್ಕೆ ಹೋಯಿತು. ‘ಇಲ್ಲ’ವೂ ಹೋಯಿತು.)

ಮ್ಯಾನೇಜರ್: ಅಯ್ಯಯ್ಯೋ, ನಿಲ್ಲಿಸಿ!

ಹೆಂಡತಿ: ಅರ್ಧ ಒಗೆದು ಬಿಡೋ ಅಭ್ಯಾಸ ನನಗಿಲ್ಲ.

(ಇನ್ನೆರಡು ಉಜ್ಜು. ದನಗಳು ಹೋದವು, ಕೊಟ್ಟಿಗೆ ಹೋಯಿತು. ಸುಣ್ಣ ಹಾಲಿನಂತೆ ಇಳಿಯಿತು. ಅಡಿಯಲ್ಲಿ ಎಣ್ಣೆ ಬಣ್ಣದ ಕಪ್ಪು ಅಕ್ಷರಗಳು, ಮೊಳದುದ್ದ: ‘ನಮ್ಮ ಕೆರೆಗೆ ಕೈ ಹಾಕಬೇಡಿ.’)

ಮ್ಯಾನೇಜರ್: ಇದೇನ್ರೀ ಇದು?

ಗಂಡ: ಬಸ್ ನಿಲ್ದಾಣದ ಕಾಲದ್ದು ಸಾರ್. ಇಷ್ಟು ಗಟ್ಟಿ ಇರುತ್ತೆ ಅಂದ್ಕೊಂಡಿರಲಿಲ್ಲ.

ಮ್ಯಾನೇಜರ್: ಮತ್ತೆ ಬರೀರಿ! ಇನ್ನೂ ಒಂದು ಗಂಟೆ ಇದೆ.

ಗಂಡ: ಒದ್ದೆ ತಗಡು ಸಾರ್, ಬಣ್ಣ ಹಿಡಿಯಲ್ಲ. ಸಂಜೆ ಬನ್ನಿ.

(ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಓಡಿದ. ಹಗ್ಗದ ಒದ್ದೆ ಬಟ್ಟೆಯೊಂದು ಅವನ ಮುಖಕ್ಕೆ ಸರಿಯಾಗಿ ಬಡಿಯಿತು.)

ಹೆಂಡತಿ: ಏನ್ರೀ, ನೀರಲ್ಲಿ ಹೋಗೋ ಬಣ್ಣದಲ್ಲಿ ಬರೆದಿದ್ದೀರಲ್ಲ, ಮನೇಲಿ ಎಣ್ಣೆ ಬಣ್ಣ ಮುಗಿದಿತ್ತಾ?

ಗಂಡ: ಎರಡು ಡಬ್ಬ ಇದೆ.

ಹೆಂಡತಿ: ಮತ್ತೆ ಬೆಳಿಗ್ಗೆಯಿಂದ ಯಾಕೆ ಬೈಸ್ಕೊಂಡ್ರಿ? ಬಾಯಿಬಿಟ್ಟು ಹೇಳಬಾರದಾ?

ಗಂಡ: ಹೇಳಿದ್ರೆ ನೀನು ನಕ್ಕುಬಿಡ್ತಿದ್ದೆ. ನಿಂಗೆ ನಾಟಕ ಬರಲ್ಲ, ಬೈಯೋದೊಂದೇ ಬರೋದು. ಆದರೆ ನನ್ನ ಲೆಕ್ಕ ತಪ್ಪಿತು ಕಣೆ. ಮೂವತ್ತು ವರ್ಷದಿಂದ ಸಿಟ್ಟು ಬಂದಾಗಲೆಲ್ಲ ನನ್ನ ಬೋರ್ಡಿನ ಮೇಲೆ ಬಕೆಟ್ ಎತ್ತಿ ಸುರಿದವಳು, ಇವತ್ತೇ ಯಾಕೆ ಸುಮ್ಮನಿದ್ದೆ? ಕಾಗೆ ಬರದಿದ್ರೆ ನನ್ನ ಗತಿ?

ಹೆಂಡತಿ: ಹಿಡೀರಿ ಆ ಕಡೆ ತುದಿ, ದಂಡೆಗೆ ಹೊರೋಣ. ಬಕೆಟ್ಟಿನಲ್ಲಿರೋದು ಕೆರೆ ನೀರು ಕಣ್ರೀ, ಈಗ ಉಳಿಸೋಕೆ ಹೊರಟಿರೋದೇ ಅದನ್ನ. ಅಲ್ಲಿಂದ ಹೊತ್ತು ತಂದು ನಿಮ್ಮ ಬೋರ್ಡಿನ ಮೇಲೆ ದಂಡ ಮಾಡ್ಲಾ?