ಮಗಳ ಹೆಸರು, ಫುಲ್ ಕ್ವಾಲಿಟಿಯಲ್ಲಿ!

ಮೂರು ದಿನ ಯೂಟ್ಯೂಬ್ ನೋಡಿ ನಾನು ಧ್ವನಿಶಾಸ್ತ್ರದಲ್ಲಿ ಪಂಡಿತನಾಗಿದ್ದೆ. ಬಿಟ್‌ರೇಟ್ ಎಂದರೆ ಒಂದು ಸೆಕೆಂಡಿನ ಧ್ವನಿಗೆ ಫೈಲಿನಲ್ಲಿ ಎಷ್ಟು ಜಾಗ ಕೊಡುತ್ತೇವೆ ಎಂಬ ಲೆಕ್ಕ. ಎಂಪಿ3 ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ, ಹಿಂಡುವಾಗ ಒಂದಿಷ್ಟು ಚೆಲ್ಲುತ್ತದೆ. ಫ್ಲ್ಯಾಕ್ ಎಂಬುದು ಮಾತ್ರ ಒಂದು ಹನಿಯನ್ನೂ ಚೆಲ್ಲುವುದಿಲ್ಲ. ಇಷ್ಟೆಲ್ಲ ತಿಳಿದವನು ಬೈಲಹೊಂಗಲದಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಾಗಿತ್ತು!

ಆಗಲೇ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ. ಅವಳು ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಪಿಸುಗುಟ್ಟುತ್ತಾಳೆ, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಹೆಸರು ಆರಿಸುವುದನ್ನೂ ನಮ್ಮಕ್ಕನಿಗೇ ಬಿಟ್ಟಿದ್ದೆವು. ಅಲ್ಲಿಯವರೆಗೆ ಅದು ಗುಟ್ಟು, ಹಡೆದವರಿಗೂ ಹೇಳುವಂತಿಲ್ಲ ಎಂಬುದು ಅವಳ ಕಾಯಿದೆ. ಆದರೆ ಯರಗಟ್ಟಿಯಲ್ಲಿರುವ ಅಕ್ಕ ವಾರದ ಮುಂಚೆ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು, ಬರುವಂತಿರಲಿಲ್ಲ.

"ವಾಟ್ಸಾಪಿನ್ಯಾಗ ವಾಯ್ಸ್ ಕಳಸ್ತೇನಿ ತಗೋ," ಎಂದಳು ಫೋನಿನಲ್ಲಿ, ಅಳುವ ದನಿಯಲ್ಲಿ.

"ವಾಟ್ಸಾಪ್? ನನ್ನ ಮಗಳ ಹೆಸರ ಹಿಂಡಿದ ಫೈಲಿನ್ಯಾಗ? ಆಗೂದಿಲ್ಲ! ನಾನ ಬರತೇನಿ!"

ಫೋನಿಗೆ ಹಚ್ಚುವ ಹೊಸ ಮೈಕು ಹಿಡಿದು ಬಸ್ಸು ಹತ್ತಿದೆ. ಅಕ್ಕನ ಮನೆಯ ಫ್ಯಾನು ಬಂದ್ ಮಾಡಿಸಿದೆ. ಕುಕ್ಕರ್ ಇಳಿಸಿದೆ. ಹಿತ್ತಲಿನ ಎಮ್ಮೆಯನ್ನು ಓಣಿಯಾಚೆ ಕಟ್ಟಿಬಂದೆ. ಗುಟ್ಟು ಕೆಡಬಾರದೆಂದು ನಾನೂ ಹೊರಗೆ ನಿಂತೆ!

ಅಕ್ಕ ಆರು ಸಲ ಪಿಸುಗುಟ್ಟಿದಳು. "ಇನ್ನ ಎಷ್ಟ ಸಲ ಹೇಳಲೋ ತಮ್ಮಾ? ಸೆಕಿಗೆ ಸಾಯಾಕತ್ತೇನಿ!"

"ಕ್ವಾಲಿಟಿ ಅಕ್ಕಾ, ಕ್ವಾಲಿಟಿ!"

ಮನೆಗೆ ಬಂದು ಒಂದು ಆ್ಯಪಿನಲ್ಲಿ ಗದ್ದಲ ತೆಗೆಯುವ ಗುಂಡಿಯನ್ನು ಕೊನೆಯವರೆಗೂ ಎಳೆದೆ. ಕೇಳಿ ನೋಡುವಂತಿರಲಿಲ್ಲ, ಗುಟ್ಟಲ್ಲವೇ? ಅದನ್ನು ಫ್ಲ್ಯಾಕ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆ. ಫೋನಿನಲ್ಲಿ ಜಾಗ ಸಾಲದೆ ಅಕ್ಕನ ಮೂಲ ರೆಕಾರ್ಡಿಂಗನ್ನೆಲ್ಲ ಅಳಿಸಿದೆ.

"ಒಂದ ಕಾಪಿ ಇಟ್ಕೋರಿ," ಎಂದಳು ಹೆಂಡತಿ.

"ಫ್ಲ್ಯಾಕಿಗೆ ಕಾಪಿ ಯಾಕ?" ಎಂದು ನಕ್ಕೆ.

ಕಾರ್ಯದ ದಿನ ದೊಡವಾಡ, ಮುರಗೋಡದಿಂದ ಬೀಗರು ಬಂದು ಮನೆ ತುಂಬಿತು. ಬಾಡಿಗೆ ಸ್ಪೀಕರಿಗೆ ಪೆನ್‌ಡ್ರೈವ್ ಚುಚ್ಚಿದೆ. "ಎರರ್" ಎಂದಿತು! ಆ ಡಬ್ಬಿಗೆ ಎಂಪಿ3 ಬಿಟ್ಟು ಬೇರೇನೂ ತಿಳಿಯದು. ಪಕ್ಕದ ಮನೆಯ ಮಾಸ್ತರರ ಲ್ಯಾಪ್‌ಟಾಪ್ ತರಿಸಿ, ಫೈಲಿನ ಹೆಸರಿನ ಬಾಲದಲ್ಲಿದ್ದ ಫ್ಲ್ಯಾಕ್ ಅಳಿಸಿ ಎಂಪಿ3 ಎಂದು ಬರೆದೆ. ಕೂಸಿಗಿಂತ ಮೊದಲು ಫೈಲಿನ ನಾಮಕರಣವಾಯಿತು! ಡಬ್ಬಿ ಮರುಳಾಗಲಿಲ್ಲ. ಮತ್ತೆ ಎರರ್.

"ಅಲ್ರೀ, ಲ್ಯಾಪ್‌ಟಾಪಿನ್ಯಾಗ ಹಚ್ಚಿದ್ರ ಆಗೂದಿಲ್ಲೇನ್ರಿ?" ಎಂದರು ಮಾಸ್ತರರು.

ಹೌದಲ್ಲ! ಫೈಲಿಗೆ ಹಳೆಯ ಹೆಸರನ್ನೇ ಮರಳಿ ಕೊಟ್ಟು ಹಚ್ಚಿದೆ. ಮನೆಯೆಲ್ಲ ಗಪ್ಪಾಯಿತು. ಲ್ಯಾಪ್‌ಟಾಪೂ ಗಪ್ಪು. ವಾಲ್ಯೂಮ್ ಪೂರ್ತಿ ಏರಿಸಿದೆ. ಊಹೂಂ! ಆಗ ಹೊಳೆಯಿತು. ಆ್ಯಪು ಅಕ್ಕನ ಪಿಸುಮಾತನ್ನೂ ಗದ್ದಲವೆಂದು ತಿಳಿದು ಗುಡಿಸಿ ಹಾಕಿತ್ತು. ಉಳಿದದ್ದು ಅತ್ಯುನ್ನತ ಬಿಟ್‌ರೇಟಿನ, ಒಂದು ಹನಿಯೂ ಚೆಲ್ಲದ, ಪರಿಶುದ್ಧ ಮೌನ!

ಹೆಂಡತಿಯ ಕಣ್ಣು ತುಂಬಿ ಬಂದವು. "ಮಗಳಿಗೆ ಹೆಸರ ಇಲ್ಲದಂಗ ಮಾಡಿದ್ರೆಲ್ಲ!"

ಅವಳೇ ತನ್ನ ಹಳೆಯ ಫೋನಿನಿಂದ ಅಕ್ಕನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ ಕೂಸಿನ ಕಿವಿಯ ಹತ್ತಿರ ಹಿಡಿದಳು. ಕರಕರ ಸದ್ದು. ಅಕ್ಕನ ಮನೆಯ ಫ್ಯಾನು. ಹಿಂದೆ ಎಮ್ಮೆಯ ಕೂಗು. ನಡುವೆ, "ಕುರ್ರ್... ಶಿವಲೀಲಾ!"

ಎಲ್ಲರಿಗೂ ಕೇಳಿಸಿತು! ಕೂಸು ಕಣ್ಣರಳಿಸಿತು. ಖುಷಿಗೆ ನನಗೆ ಅಳುವೇ ಬಂತು, ಎಲ್ಲರೆದುರು ಅತ್ತೂಬಿಟ್ಟೆ.

ಹೆಂಗಸರೆಲ್ಲ ಮುಷ್ಟಿ ಬಿಗಿದು ನಿಂತಿದ್ದರು, ಗುದ್ದಲು ಬೆನ್ನೇ ಇಲ್ಲ. ನಮ್ಮವ್ವ ನನ್ನ ಕಡೆ ನೋಡಿದಳು.

"ಅಕ್ಕನ ಬೆನ್ನ ಯರಗಟ್ಟ್ಯಾಗ ಐತಿ. ತಮ್ಮನ ಬೆನ್ನ ಇಲ್ಲೇ ಐತೆಲ್ಲಾ! ಬಗ್ಗೋ!"

ಬಗ್ಗಿದೆ. ಗುದ್ದು ಶುರುವಾದವು. ಫೋನಿನಿಂದ ಅಕ್ಕ ಕೂಗಿದಳು, "ಏ, ಇಲ್ಲಿ ಸಪ್ಪಳ ಕೇಳವಲ್ತು! ಜರಾ ಜೋರ ಹಾಕ್ರೆವಾ!"

ಬಿಟ್‌ರೇಟಿನ ಗಂಧಗಾಳಿಯಿಲ್ಲದ ಆ ಹೆಂಗಸರು ಧ್ವನಿಯ ಗುಣಮಟ್ಟವನ್ನು ಕೂಡಲೇ ಸುಧಾರಿಸಿದರು.