ಅರವತ್ತನಾಲ್ಕು ವರ್ಷಗಳ ತಾತ್ಕಾಲಿಕ ಗಾಯಕಿಯರು

ಕುಮ್‌ಹೆಲಿಗ್ ಸಮುದಾಯ ಮಿಶ್ರ ಗಾಯನವೃಂದದ ಅಧ್ಯಕ್ಷರೂ, ಅದರ ನಿಯಮಾವಳಿಯ ಏಕೈಕ ರಕ್ಷಕರೂ, ಬುಧವಾರದ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬಂದು ಹೀಟರಿನ ಪಕ್ಕದ ಕುರ್ಚಿಯನ್ನು ಅಲಂಕರಿಸುವವರೂ ಆದ ಶ್ರೀಮಾನ್ ಇಡ್ವಲ್ ಪ್ಯಾರಿಯವರ ಸನ್ನಿಧಿಗೆ,

ಮಾನ್ಯರೇ,

ಹಿಂದಿನ ಸಾಲಿನಲ್ಲಿ ನಿಂತು ಮೊನ್ನೆಯವರೆಗೆ ಗಂಡಸರ ತಗ್ಗಿನ ದನಿಯಲ್ಲಿ ಹಾಡುತ್ತಿದ್ದ, ವಯಸ್ಸಿನಲ್ಲಿ ಹತ್ತೊಂಬತ್ತರವನೂ ತಮ್ಮ ಅಂದಾಜಿನಲ್ಲಿ ಬುದ್ಧಿಯಲ್ಲಿ ಒಂಬತ್ತರವನೂ ಆದ ಗೆಥಿನ್ ಮಾಡುವ ಅನಂತ ವಂದನೆಗಳು. ತಮ್ಮ ಮಂಡಿನೋವು ಕಡಿಮೆಯಾಗಿರಲೆಂದೂ, ತಮ್ಮ ಮನೆಯ ಲೀಕ್ ಈರುಳ್ಳಿ ಗಿಡಗಳು ಈ ವರ್ಷವೂ ಪ್ರದರ್ಶನದಲ್ಲಿ ಬಹುಮಾನ ತರಲೆಂದೂ ಹಾರೈಸಿ ವಿಷಯಕ್ಕೆ ಬರುತ್ತೇನೆ.

ವೃಂದದ ಜಾಲತಾಣಕ್ಕೆಂದು ತಾವು ಬರೆದ ‘ನಮ್ಮ ಇತಿಹಾಸ ಮತ್ತು ಗೀತಭಂಡಾರ’ವನ್ನು ಮೂರು ಸಲ ಓದಿದೆ. ಸ್ಲೇಟು ಗಣಿಯ ಕಾರ್ಮಿಕರು ವೃಂದವನ್ನು ಕಟ್ಟಿದ ಬಗೆಗೆ ನಾಲ್ಕು ಪುಟ, ಕಳೆದುಹೋದ ಬೆಳ್ಳಿ ಬಟ್ಟಲಿನ ಬಗೆಗೆ ಎರಡು ಪುಟ ಬರೆದ ತಾವು, ಇಂದು ವೃಂದದಲ್ಲಿರುವ ನಲವತ್ತೊಂದು ಹೆಂಗಸರ ಬಗೆಗೆ ‘೧೯೬೧ರಲ್ಲಿ ಮಹಿಳೆಯರೂ ಸೇರಿದರು’ ಎಂದು ಮೂರೇ ಪದಗಳಲ್ಲಿ ಮುಗಿಸಿದ್ದೀರಿ. ಇಂಥ ಮಿತವ್ಯಯವನ್ನು ತಾವು ಭಾಷಣ ಮಾಡುವಾಗಲೂ ಪಾಲಿಸಿದ್ದರೆ ನಾವೆಲ್ಲ ಕೊನೆಯ ಬಸ್ಸನ್ನು ಹಿಡಿಯಬಹುದಿತ್ತು.

ಗೀತಭಂಡಾರದ ಪಟ್ಟಿಯಂತೂ ಕಣ್ಣಿಗೆ ಹಬ್ಬ. ಗಣಿಗಾರರ ನಡಿಗೆಯ ಹಾಡು, ನಾವಿಕರ ಹಾಡು, ಸೈನಿಕರ ಹಾಡು, ಕೊನೆಯ ಸಾಲನ್ನು ಗಂಟಲು ಒಣಗುವವರೆಗೆ ಮತ್ತೆ ಮತ್ತೆ ಹಾಡುವ ಹನ್ನೊಂದು ಸ್ತೋತ್ರಗೀತೆಗಳು. ನಲವತ್ತೊಂದು ಹೆಂಗಸರು ಪ್ರತಿ ಬುಧವಾರ ಎದೆಯುಬ್ಬಿಸಿ ‘ನಾವು ಗಡ್ಡದ ಧೀರರು’ ಎಂದು ಹಾಡುವುದನ್ನು ಕೇಳುವ ಭಾಗ್ಯ ಬೇರೆ ಯಾವ ಕಣಿವೆಗೂ ಇಲ್ಲ. ಇಡೀ ಪಟ್ಟಿಯಲ್ಲಿರುವ ಒಂದೇ ಒಂದು ಜೋಗುಳ ಮಾತ್ರ ಗಂಡಸರ ಪಾಲಿಗೆ ಬಂದಿದ್ದು, ಅದನ್ನು ನಾವು ಐದು ಜನ ಹಾಡಿದಾಗಲೆಲ್ಲ ಚಾಪೆಲ್‌ನಲ್ಲಿರುವ ಕೂಸುಗಳು ಎದ್ದು ಅಳುತ್ತವೆ.

ತಮ್ಮ ಮೂರು ಪದಗಳ ಹಿಂದಿರುವ ಕಥೆಯನ್ನು, ತಮಗೆ ಗೊತ್ತಿದ್ದರೂ, ನೆನಪಿಸಲು ಅಪ್ಪಣೆಯಾಗಲಿ. ಆ ವರ್ಷದ ಐಸ್ತೆದ್‌ವೊಡ್ ಗಾಯನಹಬ್ಬದ ಸ್ಪರ್ಧೆಯ ಶನಿವಾರ, ಮೂರು ವಾರ ಬಿಡದೆ ಸುರಿದಿದ್ದ ಮಳೆ ನಿಂತು ಬಿಸಿಲು ಬಂತು. ಏರುದನಿಯ ಟೆನರ್‌ಗಳು ಎಂಟೂ ಜನ ಮೇಲಿನ ಕಣಿವೆಯ ರೈತರು. ಕುರಿಗಳ ಉಣ್ಣೆ ಒಣಗಿದ ದಿನವೇ ಅಕ್ಕಪಕ್ಕದವರೆಲ್ಲ ಸೇರಿ ಕತ್ತರಿಸಬೇಕಲ್ಲವೇ? ಕಲೆ ಮತ್ತು ಕುರಿಗಳ ನಡುವೆ ಅವರು ಕುರಿಗಳನ್ನು ಆರಿಸಿಕೊಂಡರು. ಬಸ್ಸಿನಲ್ಲಿ ಉಳಿದದ್ದು ಗಣಿಯ ತಗ್ಗುದನಿಯ ಬೇಸ್ ಗಾಯಕರು, ಚಹಾದ ಹಂಡೆ, ಮತ್ತು ಹಂಡೆಯ ಜೊತೆಗೆ ಬಂದ ಹನ್ನೆರಡು ಹೆಂಗಸರು. ವರ್ಷಗಟ್ಟಲೆ ಚಹಾ ಕೊಡುವ ಕಿಂಡಿಯ ಆಚೆ ನಿಂತು ಅಭ್ಯಾಸವನ್ನೆಲ್ಲ ಕೇಳಿಸಿಕೊಂಡಿದ್ದ ಅವರು, ನಿಂತಲ್ಲೇ ವೃಂದದ ಹೆಸರನ್ನು ಗಂಡಸರ ವಿಭಾಗದಿಂದ ಮಿಶ್ರ ವಿಭಾಗಕ್ಕೆ ಬದಲಿಸಿ ಬರೆಸಿ, ಏಪ್ರನ್ ಬಿಚ್ಚಿ, ಟೆನರ್ ಭಾಗವನ್ನು ಹಾಳೆಯಿಲ್ಲದೆ ಹಾಡಿ ಎರಡನೆಯ ಬಹುಮಾನ ತಂದರು.

ಮರುವಾರ ಸಮಿತಿಯು ಕೃತಜ್ಞತೆಯಿಂದ ಗದ್ಗದಿತವಾಗಿ ಹೀಗೆ ನಿರ್ಣಯಿಸಿತು: ‘ಟೆನರ್‌ಗಳು ಮರಳುವವರೆಗೆ ಮಹಿಳೆಯರನ್ನು ತಾತ್ಕಾಲಿಕವಾಗಿ ಸೇರಿಸಿಕೊಳ್ಳಲಾಗಿದೆ. ಅವರು ಚಹಾ ವ್ಯವಸ್ಥೆಯನ್ನು ಮುಂದುವರಿಸತಕ್ಕದ್ದು.’ ಮುನಿಸಿಕೊಂಡ ಟೆನರ್‌ಗಳು ಮರಳಲಿಲ್ಲ. ಈಗ ಎಂಟೂ ಜನ ಚಾಪೆಲ್‌ನ ಹಿಂದಿನ ಸ್ಮಶಾನದಲ್ಲಿದ್ದಾರೆ. ಆದರೂ ಅವರ ದಾರಿಯನ್ನು ಅರವತ್ತನಾಲ್ಕು ವರ್ಷಗಳಿಂದ ಕಾಯುತ್ತಿರುವ ತಮ್ಮ ಸಮಿತಿಯ ತಾಳ್ಮೆಗೆ ಯಾವ ಬಹುಮಾನ ಕೊಟ್ಟರೂ ಕಡಿಮೆಯೇ. ನಮ್ಮ ನಿರ್ದೇಶಕಿ ಲೆರಿ ಕೂಡ ತಾತ್ಕಾಲಿಕ ಸದಸ್ಯೆಯೇ ಆದ್ದರಿಂದ, ಕೋಲು ಬೀಸಿ ಮುಗಿಸಿದ ಕೂಡಲೇ ಕಪ್ಪು ತೊಳೆಯಲು ಓಡುತ್ತಾಳೆ.

ಆ ಹನ್ನೆರಡು ಜನರಲ್ಲಿ ಉಳಿದಿರುವವಳು ಒಬ್ಬಳೇ: ಅಂಚೆ ಕಚೇರಿ ನಡೆಸುತ್ತಿದ್ದ ಕಾರಣಕ್ಕೆ ಊರೆಲ್ಲ ಮೋರ್ವಿದ್ ಪೋಸ್ಟ್ ಎಂದು ಕರೆಯುವ, ಎಂಬತ್ತನಾಲ್ಕರ ಮುದುಕಿ. ಡಾಕ್ಟರು ಆಕೆಯ ಎದೆಯನ್ನು ಪರೀಕ್ಷಿಸಿ ಮುಖ ಸಣ್ಣದು ಮಾಡಿಕೊಂಡ ಮೇಲೆ, ಕಳೆದ ತಿಂಗಳು ಆಕೆ ಸಮಿತಿಯ ಮುಂದೆ ಬಂದು ಒಂದೇ ಒಂದು ಬೇಡಿಕೆ ಇಟ್ಟಳು. ತನ್ನ ಮಣ್ಣಿನ ದಿನ ಗೋರಿಯ ಬಳಿ ವೃಂದ ನಿಂತು ಹಾಡಬೇಕು.

ತಾವು ನಿಯಮಾವಳಿಯನ್ನು ತೆರೆದು, ಕನ್ನಡಕ ಏರಿಸಿ, “ಗೋರಿ ಹತ್ರ ವೃಂದ ಹಾಡೋದು ಪೂರ್ಣ ಸದಸ್ಯರು ತೀರಿಕೊಂಡ್ರೆ ಮಾತ್ರ ಮೋರ್ವಿದ್. ನಿಯಮ ನಾನ್ ಮಾಡಿದ್ದಲ್ಲ. ತಾತ್ಕಾಲಿಕದವರಿಗೆ ಒಂದು ಕಾರ್ಡ್ ಕಳಿಸ್ತೀವಿ, ಚೆನ್ನಾಗಿರೋದೇ ಕಳಿಸ್ತೀವಿ” ಎಂದಿರಿ.

ಆಕೆ ಸ್ವಲ್ಪವೂ ಅಳಲಿಲ್ಲ. “ಅಲ್ಲ ಮಗಾ, ನಿಮ್ಮಪ್ಪನ್ನ ಮಣ್ಣು ಮಾಡೋ ದಿನ ಆ ಗಾಳೀಲಿ ಟೆನರ್ ಹಿಡಿದು ನಿಂತೋಳು ಯಾರು? ನೀನು ಮೂಗು ಸುರಿಸ್ತಾ ಇದ್ದೆ, ನಾನು ಹಾಡ್ತಾ ಇದ್ದೆ. ಅವತ್ತು ಕಾರ್ಡ್ ಕೊಟ್ಟು ಮನೆಗೆ ಹೋಗ್ಬೇಕಿತ್ತು ನಾನು” ಎಂದಷ್ಟೇ ಹೇಳಿ, ಎಲ್ಲರ ಕಪ್ಪುಗಳನ್ನು ತಟ್ಟೆಗೆ ಎತ್ತಿಕೊಂಡು ಒಳಗೆ ಹೋದಳು. ಆಕೆ ಇನ್ನೂರಕ್ಕೂ ಹೆಚ್ಚು ಗೋರಿಗಳ ಬಳಿ ಹಾಡಿದ್ದಾಳೆ, ಮಾನ್ಯರೇ. ಆ ಎಂಟು ಟೆನರ್‌ಗಳ ಗೋರಿಗಳೂ ಅದರಲ್ಲಿ ಸೇರಿವೆ.

ಹೆಂಗಸರನ್ನು ಪೂರ್ಣ ಸದಸ್ಯರಾಗಿಸುವ ಸೂಚನೆಯನ್ನು ನಾನು ಮಂಡಿಸಿದಾಗ, ಮತದ ಹಕ್ಕಿರುವ ನಾವು ಐದು ಗಂಡಸರಲ್ಲಿ ತಾವು ಮೂವರು ವಿರೋಧಿಸಿ ಪರಂಪರೆಯನ್ನು ಉಳಿಸಿದಿರಿ. ತಮ್ಮಿಂದ ಸ್ಫೂರ್ತಿ ಪಡೆದು ನಾನೂ ನಿಯಮಾವಳಿಯನ್ನು ಓದಿದೆ. ಸದಸ್ಯನು ತನ್ನ ದನಿಯ ವಿಭಾಗವನ್ನು ನಿರ್ದೇಶಕರ ಒಪ್ಪಿಗೆಯಿಂದ ಬದಲಿಸಿಕೊಳ್ಳಬಹುದು ಎಂದಿದೆ. ಕಳೆದ ಬುಧವಾರ ಲೆರಿಯ ಮುಂದೆ ನಾನೂ ನನ್ನ ಪಕ್ಕದವನೂ ಏರುದನಿಯಲ್ಲಿ ಒಂದು ಸಾಲು ಕಿರುಚಿದೆವು. ಕತ್ತರಿಗೆ ಸಿಕ್ಕ ಕುರಿಯೂ ನಾಚುವಂತಿದ್ದ ಆ ಸಾಲನ್ನು ಕೇಳಿ ಆಕೆ, “ಅಬ್ಬಾ! ಟೆನರ್‌ಗಳು ಬಂದ್ರಪ್ಪ ಕೊನೆಗೂ” ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿದಳು.

ಟೆನರ್‌ಗಳು ಮರಳಿದ್ದರಿಂದ ಸಮಿತಿಯ ನಿರ್ಣಯದಂತೆ ಹೆಂಗಸರ ಅವಧಿ ಆ ಕ್ಷಣಕ್ಕೇ ಮುಗಿಯಿತು. ನಲವತ್ತೊಂದು ಜನರೂ ಶಿಸ್ತಿನಿಂದ ಎದ್ದು ಕಿಂಡಿಯ ಆಚೆ ಹೋಗಿ, ತಮಗಷ್ಟೇ ಚಹಾ ಮಾಡಿಕೊಂಡು, ಒಣದ್ರಾಕ್ಷಿಯ ಬಾರಾ ಬ್ರಿತ್ ಬ್ರೆಡ್ಡು ಕೊಯ್ದು ಬೆಣ್ಣೆ ಹಚ್ಚಿಕೊಂಡು ಕುಳಿತು ನಮ್ಮನ್ನು ಕೇಳಿದರು. ನಾವು ಐವರು ಗಣಿಗಾರರ ನಡಿಗೆಯ ಹಾಡನ್ನು ಎತ್ತಿಕೊಂಡೆವು. ಎರಡನೆಯ ಚರಣಕ್ಕೆ ಗಣಿಗಾರರು ದಾರಿ ತಪ್ಪಿದರು. “ಇಡ್ವಲ್, ಸ್ವಲ್ಪ ಮೇಲಕ್ಕೆ ಹೋಗ್ಬೇಕು ಕಣಪ್ಪಾ! ಅಲ್ಲಲ್ಲ, ಅಷ್ಟಲ್ಲ!” ಎಂದು ಮೋರ್ವಿದ್ ಕಿಂಡಿಯಿಂದ ಸಹಾಯ ಮಾಡಿದ್ದು ತಮಗೂ ಕೇಳಿಸಿರಬೇಕು.

ಸುಗ್ಗಿಯ ಕೃತಜ್ಞತೆಯ ಹಬ್ಬದ ಕಛೇರಿಗೆ ಇನ್ನು ಹತ್ತೊಂಬತ್ತು ದಿನ ಉಳಿದಿದೆ. ಆದಕಾರಣ ನನ್ನ ಎರಡು ವಿನಂತಿಗಳಲ್ಲಿ ಅನುಕೂಲವಾದ ಒಂದನ್ನು ನಡೆಸಿಕೊಡಬೇಕು. ಸ್ಮಶಾನದಲ್ಲಿರುವ ಎಂಟು ಟೆನರ್‌ಗಳಿಗೆ ಬುಧವಾರ ಸಂಜೆ ಏಳಕ್ಕೆ ಸರಿಯಾಗಿ ಹಾಜರಾಗುವಂತೆ ತಾವೇ ಖುದ್ದಾಗಿ ಹೋಗಿ ನೋಟಿಸು ಕೊಡಿ. ಅದು ಮಂಡಿಗೆ ಕಷ್ಟವೆನಿಸಿದರೆ, ಹಳೆಯ ನಿರ್ಣಯದಲ್ಲಿರುವ ‘ಟೆನರ್‌ಗಳು ಮರಳುವವರೆಗೆ’, ‘ತಾತ್ಕಾಲಿಕವಾಗಿ’ ಎಂಬ ಮೂರೇ ಪದಗಳನ್ನು, ಮೋರ್ವಿದ್ ಇನ್ನೂ ಉಸಿರಾಡುತ್ತಿರುವಾಗಲೇ, ಹೊಡೆದುಹಾಕಿ. ಪೆನ್ನು ನಾನು ತರುತ್ತೇನೆ.

ಏರುದನಿಯ, ಆದರೂ ತಲೆತಗ್ಗಿಸಿ ನಿಂತ,
ತಮ್ಮ ವಿಶ್ವಾಸಿ,
ಗೆಥಿನ್

ತಾ.ಕ.: ಪೂರ್ಣ ಸದಸ್ಯರಾದ ತಮ್ಮ ಗೋರಿಯ ಬಳಿ ವೃಂದ ಹಾಡುವುದು ನಿಯಮಾನುಸಾರ ಖಚಿತ. ಆದರೆ ಹೆಂಗಸರ ಅವಧಿ ಮುಗಿದ ಮೇಲೆ ವೃಂದದಲ್ಲಿ ಉಳಿದ ಪೂರ್ಣ ಸದಸ್ಯರು ಐವರೇ ಇದ್ದು, ಅವರಲ್ಲಿ ತಾವು ಅಂದು ಮಲಗಿರುವುದರಿಂದ ಹಾಡುವವರು ನಾಲ್ವರು, ಟೆನರ್ ಭಾಗಕ್ಕೆ ನಾನಿರುತ್ತೇನೆ. ಈ ವಿಷಯ ತಿಳಿಸಿದಾಗ ಮೋರ್ವಿದ್ ಬಹಳ ಹೊತ್ತು ನಕ್ಕು, “ಪಾಪ, ಹಾಗೆಲ್ಲ ಬಿಡಕ್ಕಾಗತ್ತಾ? ಡಾಕ್ಟ್ರು ಹೊಸ ಮಾತ್ರೆ ಕೊಟ್ಟಿದಾರೆ, ಅಲ್ಲೀವರ್ಗೂ ಇರ್ತೀನಿ. ಅವನ ಮಣ್ಣಿಗೆ ನಾನೇ ಬಂದು ಹಾಡ್ತೀನಿ ಅಂತ ಹೇಳು. ತಾತ್ಕಾಲಿಕವಾಗಿ” ಎಂದಿದ್ದಾಳೆ.